ಈಲಿ ಇಲ್ಲದ ಗುಡ್ಡೆ

ದೊಡ್ಡಬೆಳವಂಗಲ ಹೋಬಳಿ
26-3-2026, ಗುರುವಾರ

ಅಕ್ಷತ ಅತ್ತಿಗೆಗೆ ಮುನೀಂದ್ರನ ನಮಸ್ಕಾರ.

ಮಗು ಹುಟ್ಟಿ ಎರಡು ತಿಂಗಳಾಯಿತು. ನಾನು ನಿಮ್ಮ ತವರು ಜಡಿಗೇನಹಳ್ಳಿಗೆ ಒಂದು ಸಲವೂ ಬರಲಿಲ್ಲ, ತೊಟ್ಟಿಲಿಗೆ ಹಾಕಿದ ದಿನವೂ ಬರಲಿಲ್ಲ. ಕುರಿ ಬಿಟ್ಟು ಬರಲಾಗುವುದಿಲ್ಲ ಎಂದು ಅಣ್ಣನ ಕೈಲಿ ಹೇಳಿ ಕಳಿಸಿದ್ದೆ. ಕುರಿ ನೋಡಿಕೊಳ್ಳಲು ಅಪ್ಪ ಇದ್ದರು. ನನಗೆ ಬರಲು ಮನಸ್ಸಿರಲಿಲ್ಲ, ಅಷ್ಟೇ. ಇಷ್ಟು ದಿನ ಒಂದು ಸಾಲೂ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ತಾಯಿ ಫೋನನ್ನು ಸ್ಪೀಕರಿಗೆ ಹಾಕಿ ಮಗುವಿನ ಪಕ್ಕ ಇಡುತ್ತಾರೆ, ಮನೆಯವರೆಲ್ಲ ಸುತ್ತ ಕೂತಿರುತ್ತಾರೆ. ಇದನ್ನು ನೀವೊಬ್ಬರೇ ಓದಬೇಕು. ಶನಿವಾರ ಅಣ್ಣ ನಿಮ್ಮಲ್ಲಿಗೆ ಬರುವಾಗ ಲಕೋಟೆ ಅಂಟಿಸಿ ಅವನ ಕೈಗೆ ಕೊಡುತ್ತೇನೆ. ಅವನು ಬಿಚ್ಚುವವನಲ್ಲ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ. ಮನುಷ್ಯರು ಕ್ಷೇಮ. ಅಪ್ಪನ ಮಂಡಿನೋವು ಹಾಗೇ ಇದೆ. ಅಮ್ಮ ನಿಮಗೆಂದು ಬಾಣಂತಿ ಖಾರ ಕುಟ್ಟಿ ಡಬ್ಬಿಗೆ ತುಂಬಿದ್ದಾಳೆ. ಎರಡು ಮೇಕೆಗಳೂ ಚೆನ್ನಾಗಿವೆ. ಕುರಿಗಳು ಕ್ಷೇಮವಾಗಿಲ್ಲ. ಮೂವತ್ತನಾಲ್ಕರಲ್ಲಿ ಆರು ಹೋದವು. ಇನ್ನು ಒಂಬತ್ತಕ್ಕೆ ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬಿದ್ದಿದೆ. ಇದಕ್ಕೆಲ್ಲ ನಿಮ್ಮ ಔಷಧಿಯೇ ಕಾರಣ ಎಂದು ಊರಲ್ಲಿ ಮಾತಾಯಿತು. ನಿಮ್ಮನ್ನು ಪಶುಸಖಿ ಕೆಲಸದಿಂದ ತೆಗೆಯಬೇಕು ಎನ್ನುವವರೆಗೂ ಹೋಯಿತು. ತಪ್ಪು ನನ್ನದು. ಬೇರೆಯವರು ಅರ್ಧಂಬರ್ಧ ಹೇಳುವ ಮೊದಲು ಪೂರ್ತಿ ನಾನೇ ಹೇಳುತ್ತೇನೆ.

ಮೊದಲು ಒಂದು ಮಾತು ಬರೆದುಬಿಡುತ್ತೇನೆ, ಆಮೇಲೆ ಕೈ ಸುಲಭವಾಗಿ ಓಡುತ್ತದೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಇಂದು ನಿನ್ನೆಯದಲ್ಲ, ಎರಡು ವರ್ಷದ್ದು.

ನನ್ನ ಕಥೆ ನಿಮಗೆ ಗೊತ್ತಿದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ದೇವನಹಳ್ಳಿಯಲ್ಲಿ ಏರ್‌ಪೋರ್ಟಿನ ಸರಕು ಇಳಿಸುವ ಕೆಲಸ ಮೂರು ತಿಂಗಳು, ಗಾರ್ಮೆಂಟ್ಸಿನಲ್ಲಿ ಆರು ವಾರ, ನೆಲಮಂಗಲದ ಗೋಡೌನಿನಲ್ಲಿ ಒಂದು ಮಳೆಗಾಲ. ಎಲ್ಲೂ ಕಾಲು ನಿಲ್ಲಲಿಲ್ಲ. ನಿಂತದ್ದು ಕುರಿಯ ಹಿಂದೆ ಮಾತ್ರ. ಊರಲ್ಲಿ ಯಾರದೇ ಕುರಿ ಮೇವು ಬಿಟ್ಟರೂ "ಮುನೀಂದ್ರ, ಒಸಿ ಬಂದ್ ನೋಡೋ" ಎಂದು ನನ್ನನ್ನೇ ಕರೆಯುತ್ತಿದ್ದರು. ನನಗಿದ್ದ ಮರ್ಯಾದೆ ಅದೊಂದೇ.

ನೀವು ಮದುವೆಯಾಗಿ ಬಂದಾಗ ನಿಮ್ಮ ತವರಿನಲ್ಲಿ ಒಂದು ಮರಿಯೂ ಇರಲಿಲ್ಲ. ಮೊದಲ ವಾರ ಟಗರು ತಲೆ ತಗ್ಗಿಸಿದ್ದಕ್ಕೆ ನೀವು ಒರಳುಕಲ್ಲಿನ ಮೇಲೆ ಹತ್ತಿ ನಿಂತಿದ್ದಿರಿ. ಹಿಂಗಾಲು ಹಿಡಿದು ಕುರಿ ನಿಲ್ಲಿಸುವುದು, ಕೆಳರೆಪ್ಪೆ ಎಳೆದು ರಕ್ತ ಇದೆಯೋ ಇಲ್ಲವೋ ನೋಡುವುದು, ಹಿಕ್ಕೆ ಕೈಯಲ್ಲಿ ಒಡೆದು ನೋಡುವುದು, ಇದೆಲ್ಲ ನಾನು ಹೇಳಿಕೊಟ್ಟದ್ದು. ನೀವು ಒಂದೊಂದನ್ನೂ ಎರಡೆರಡು ಸಲ ಕೇಳುತ್ತಿದ್ದಿರಿ. ನನಗೆ ಅದು ಇಷ್ಟವಾಗುತ್ತಿತ್ತು. ಆಮೇಲೆ ಮಹಿಳಾ ಸಂಘದವರು ಊರ ಕುರಿ ಮೇಕೆ ನೋಡಿಕೊಳ್ಳಲೆಂದು ನಿಮ್ಮನ್ನು ಪಶುಸಖಿ ತರಬೇತಿಗೆ ಕಳಿಸಿದರು. ನೀಲಿ ಬ್ಯಾಗ್, ಥರ್ಮಾಮೀಟರ್, ಪುಸ್ತಕ ತಂದಿರಿ. ಮೊದಲ ತಿಂಗಳು ಆ ಬ್ಯಾಗ್ ಹೊತ್ತು ನಿಮ್ಮ ಜೊತೆ ಮನೆಮನೆಗೆ ಬಂದವನೂ ನಾನೇ.

ಒಂದು ದಿನ ಮುತ್ತಮ್ಮ ಮೇಕೆ ಎಳೆದುಕೊಂಡು ನಮ್ಮ ಮನೆ ಮುಂದೆ ಬಂದಳು. ನೀವು ಇರಲಿಲ್ಲ, ನಾನು ಜಗಲಿಯ ಮೇಲಿದ್ದೆ.

"ಏನಾಯ್ತು ಮುತ್ತಮ್ಮ ಮೇಕೆಗೆ?" ಎಂದು ಎದ್ದೆ.

"ಡಾಕ್ಟ್ರಮ್ಮ ಇಲ್ವೇನಪ್ಪಾ?"

"ನಾನಿದೀನಲ್ಲ. ಹಿಡ್ಕೋ, ನೋಡ್ತೀನಿ."

"ಬ್ಯಾಡ ಕಣಪ್ಪಾ, ನೀನ್ ಕೂತ್ಕೋ. ನಿಮ್ಮತ್ತಿಗೆ ಬರ್ಲಿ. ಅವ್ರು ಓದ್ಕೊಂಡವ್ರೆ."

ಮುಕ್ಕಾಲು ಗಂಟೆ ಇಬ್ಬರೂ ಒಂದೇ ಜಗಲಿಯ ಮೇಲೆ ಕೂತಿದ್ದೆವು. ಅಷ್ಟರಲ್ಲಿ ಆ ಮೇಕೆ ನನ್ನ ಟವಲಿನ ಅಂಚು ತಿಂದು ಮುಗಿಸಿತು. ಅದಕ್ಕೆ ಕಾಯಿಲೆ ಇರಲಿಲ್ಲ, ಹಸಿದಿತ್ತು. ಹೇಳಿದರೂ ಮುತ್ತಮ್ಮ ನಂಬಲಿಲ್ಲ. ನೀವು ಬಂದು ನೋಡಿ ಅದೇ ಮಾತು ಹೇಳಿದಿರಿ, ನಂಬಿದಳು.

ಮುತ್ತಮ್ಮನದು ಹೋಗಲಿ. ನಲವತ್ತು ವರ್ಷ ಕುರಿ ಸಾಕಿದ ಅಪ್ಪ, ನಾನು ಏನು ಕೇಳಿದರೂ "ಅಕ್ಷತಮ್ಮನ್ನ ಒಂದ್ ಮಾತ್ ಕೇಳ್ಲಾ" ಅನ್ನತೊಡಗಿದರು. ಮಗನ ಎದುರು ಸೊಸೆಯನ್ನು ಹೊಗಳುವುದರಲ್ಲಿ ತಪ್ಪಿಲ್ಲ. ಆದರೆ ನಾನು ನಿಜ ಬರೆಯುತ್ತಿದ್ದೇನೆ. ಪ್ರತಿಸಲವೂ ಎದೆಯಲ್ಲಿ ಮೆಣಸಿನಕಾಯಿ ಹಾಕಿ ಉಜ್ಜಿದ ಹಾಗಾಗುತ್ತಿತ್ತು.

ಈಗ ಕೆರೆಯ ವಿಷಯ. ಗೌರಿ ಹಬ್ಬದ ಹೊತ್ತಿಗೆ ನೀವು ಅಡುಗೆಮನೆಯ ನೆಲದ ಮೇಲೆ ರಾಗಿಹಿಟ್ಟಿನಲ್ಲಿ ಚಿತ್ರ ಬರೆದು ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕುರಿಯ ಹಿಕ್ಕೆಯಿಂದ ಮೊಟ್ಟೆ ನೀರಿಗೆ, ನೀರಿನಿಂದ ಕೆರೆಯ ಸಣ್ಣ ಬಸವನಹುಳುವಿನ ಹೊಟ್ಟೆಗೆ, ಅಲ್ಲಿಂದ ಹೊರಬಂದು ದಂಡೆಯ ಹುಲ್ಲಿನ ಬುಡಕ್ಕೆ, ಹುಲ್ಲಿನಿಂದ ಮತ್ತೆ ಕುರಿಗೆ. ಕುರಿಯ ಈಲಿಗೆ ಸೇರಿ ಅಲ್ಲೇ ಮನೆ ಮಾಡುತ್ತದೆ ಆ ಹುಳು. ನಿಮ್ಮ ಪುಸ್ತಕದಲ್ಲಿ ಈಲಿಗೆ ಯಕೃತ್ತು ಎಂದಿತ್ತು. "ಮೇಕೆ ಮೇಲೆ ನೋಡಿ ಎಲೆ ಕೀಳ್ತದೆ, ಕುರಿ ತಲೆ ಬಗ್ಸಿ ಬುಡ ಕಚ್ತದೆ. ಅದಕ್ಕೇ ಕುರಿಗೇ ಜಾಸ್ತಿ ಕಣೋ" ಅಂದಿರಿ. ನನಗೆ ಎಲ್ಲ ಅರ್ಥವಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ ಅತ್ತಿಗೆ, ಅರ್ಥವಾಗಿತ್ತು.

ನೀವು ತವರಿಗೆ ಹೊರಡುವಾಗ ಶೆಡ್ಡಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದಿರಿ. ಕೆರೆ ದಂಡೆಗೆ ಕುರಿ ಬಿಡಬಾರದು, ಇಬ್ಬನಿ ಆರಿದ ಮೇಲೆ ಗುಡ್ಡದ ಕಡೆ ಮಾತ್ರ, ಧನುರ್ಮಾಸದಲ್ಲಿ ಒಂದು ಸಲ ಕಪಾಟಿನಲ್ಲಿರುವ ಈಲಿ ಹುಳದ ಔಷಧಿ ಕುಡಿಸಬೇಕು. ನಿಮ್ಮ ಕಾರು ತೋಪು ದಾಟುವ ಮೊದಲೇ ನಾನು ಅದನ್ನು ಕಿತ್ತು ಒಲೆಗೆ ಹಾಕಿದೆ.

ಕಾರ್ತಿಕ ಮುಗಿದ ಮಾರನೆಯ ದಿನ ಕುರಿಗಳನ್ನು ಕೆರೆಯ ಕಡೆ ತಿರುಗಿಸಿದೆ. ಅಪ್ಪ ನೋಡಿದರು.

"ಎತ್ಲಾಗ್ಲಾ? ಅಕ್ಷತಮ್ಮ ಬ್ಯಾಡ ಅಂದವ್ಳಲ್ಲ."

"ಕಾರ್ತಿಕದ ದೀಪ ಆರಿದ್ರೆ ಕೆರೆಯಂಗಳ ಕುರಿಗೆ. ಇದು ಯಾರ್ ಮಾತಪ್ಪಾ?"

ಅಪ್ಪ ಬೀಡಿ ಹಚ್ಚಿದರು. ಮಾತು ಅವರದೇ. ನನಗೆ ಐದು ವರ್ಷವಿದ್ದಾಗಿನಿಂದ ಹೇಳಿಕೊಟ್ಟ ಮಾತು.

ಆ ಮಾತಿನಲ್ಲಿ ಸುಳ್ಳಿಲ್ಲ ಅತ್ತಿಗೆ. ಆಗ ಅನುರಾಧಾ ಮಳೆ ನಿಂತರೆ ಮಳೆ ನಿಂತಂತೆ. ಕಾರ್ತಿಕ ಕಳೆಯುವಷ್ಟರಲ್ಲಿ ಕೆರೆಯ ನೀರು ನಡುಗುಂಡಿಗೆ ಇಳಿದು, ದಂಡೆ ಬಿರುಕು ಬಿಟ್ಟು, ಬಸವನಹುಳುಗಳ ಬರೀ ಚಿಪ್ಪು ಬಿಳಿ ಕಡಲೆಪುರಿಯ ಹಾಗೆ ಬಿದ್ದಿರುತ್ತಿತ್ತು. ಕಾಲಡಿ ಪುಡಿಯಾಗುತ್ತಿತ್ತು. ಅಲ್ಲಿ ಚಿಗುರಿದ ಗರಿಕೆ ಕುರಿಗೆ ಒಳ್ಳೆಯದೇ. ಈಗ ಕೆರೆಗೆ ನಗರದ ಕಡೆಯಿಂದ ಶುದ್ಧ ಮಾಡಿದ ಚರಂಡಿ ನೀರು ಪೈಪಿನಲ್ಲಿ ವರ್ಷವಿಡೀ ಬರುತ್ತದೆ. ಬೋರುಗಳಲ್ಲಿ ನೀರು ಬಂತು, ಯಾರಿಗೂ ದೂರಿಲ್ಲ, ನನಗೂ ಇಲ್ಲ. ಅದರ ಮೇಲೆ ಈ ಸಲ ಧನುರ್ಮಾಸದಲ್ಲೂ ಮೂರು ದಿನ ಸೋನೆ ಹಿಡಿಯಿತು, ಚಳಿ ಎರಡೇ ವಾರ ಇತ್ತು. ದಂಡೆ ಒಣಗಲೇ ಇಲ್ಲ. ನಾನು ಹುಲ್ಲಿನ ಬುಡ ಸರಿಸಿ ನೋಡಿದೆ. ಬಸವನಹುಳುಗಳು ಜೀವಂತವಾಗಿ ಅಂಟಿಕೊಂಡಿದ್ದವು. ಕಣ್ಣಾರೆ ನೋಡಿಯೂ ಕುರಿ ಬಿಟ್ಟೆ. ದೀಪ ಆರಿತ್ತು, ಕೆರೆ ಆರಿರಲಿಲ್ಲ. ಅಪ್ಪನ ಮಾತು ಗೆದ್ದರೆ ನಿಮ್ಮ ಮಾತು ಸೋಲುತ್ತದೆ ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಹಸಿ ಹುಲ್ಲು ತಿಂದು ಕುರಿಗಳು ಮೈ ತುಂಬಿಕೊಂಡವು. ಸಂಕ್ರಾಂತಿಗೆ ಕಿಚ್ಚು ಹಾಯಿಸಲು ಹೊಡೆದುಕೊಂಡು ಬಂದಾಗ ಗಂಗಣ್ಣ ಟಗರಿನ ಬೆನ್ನು ತಡವಿ, "ಏನ್ ಗುರು, ಡಾಕ್ಟ್ರಮ್ಮ ಇಲ್ದೇನೇ ಇಷ್ಟ್ ಜೋರಾಗವೆ" ಅಂದರು. ಎರಡು ವರ್ಷದಲ್ಲಿ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಮಗು ಹುಟ್ಟಿದ ಹತ್ತನೇ ದಿನ ನೀವು ಫೋನ್ ಮಾಡಿದಿರಿ. ಮಗುವಿನ ಅಳುವಿನ ನಡುವೆ, "ಕುರಿ ಎಲ್ಲಿ ಮೇಯಿಸ್ತಿದೀಯೋ? ಔಷಧಿ ಹಾಕ್ದಾ?" ಎಂದು ಕೇಳಿದಿರಿ. "ಗುಡ್ಡದ ಕಡೆ. ಹಾಕಾಯ್ತು" ಅಂದೆ. ನನ್ನ ಬಾಯಿ ಕೆಟ್ಟದ್ದು, ಆದರೆ ಸುಳ್ಳು ಹೇಳುವುದಿಲ್ಲ ಎಂದು ಊರಿಗೇ ಗೊತ್ತು. ಗೋಡೌನಿನ ಕೆಲಸ ಹೋದದ್ದೂ ಸುಳ್ಳು ಲೆಕ್ಕ ಬರೆಯಲು ಒಪ್ಪದ್ದಕ್ಕೆ. ಅಂಥವನು ನಿಮಗೆ ಒಂದೇ ಉಸಿರಿನಲ್ಲಿ ಎರಡು ಸುಳ್ಳು ಹೇಳಿದೆ. ತೊಟ್ಟಿಲಿನ ದಿನ ಬರದೆ ಉಳಿದದ್ದು ಅದಕ್ಕೇ. ಎದುರಿಗೆ ನಿಂತು ಮತ್ತೆ ಕೇಳಿದರೆ ಏನು ಹೇಳಲಿ?

ಶಿವರಾತ್ರಿ ಕಳೆದ ಮೇಲೆ ಒಂದು ಹಳೆಯ ಕುರಿಗೆ ಸಂಜೆ ಗದ್ದ ಊದಿತು. ಬೆಳಿಗ್ಗೆ ನೋಡಿದರೆ ಇಳಿದಿತ್ತು. ಏನೂ ಇಲ್ಲ ಅಂದುಕೊಂಡೆ. ಮತ್ತೆ ಸಂಜೆ ಊದಿತು. ಆಮೇಲೆ ನಾನು ಬೆಳಿಗ್ಗೆ ಮಾತ್ರ ಕುರಿಗಳ ಮುಖ ನೋಡತೊಡಗಿದೆ, ಸಂಜೆ ನೋಡುವುದನ್ನೇ ಬಿಟ್ಟೆ. ಹದಿನೈದು ದಿನದಲ್ಲಿ ಅದೂ ಸೇರಿ ಮೂರು ಸತ್ತವು. ವಯಸ್ಸಾಗಿತ್ತು ಎಂದು ಮನೆಯಲ್ಲಿ ಹೇಳಿದೆ.

(ಅಮ್ಮ ಕರೆದಳು, ಎದ್ದು ಹೋಗಿದ್ದೆ. ಶುಕ್ರವಾರ ಬೆಳಿಗ್ಗೆ ಮುಂದುವರಿಸುತ್ತಿದ್ದೇನೆ. ನಿನ್ನೆ ಸಂಜೆ ಒಂದು ಕುರಿ ಮರಿ ಹಾಕಿತು, ಮರಿ ಸತ್ತೇ ಹುಟ್ಟಿತು. ತಾಯಿ ಬದುಕಿದೆ.)

ಯುಗಾದಿಯ ಮಾರನೆಯ ದಿನದ ಹೊಸತೊಡಕು ಈ ಸಲ ಶುಕ್ರವಾರ ಬಿದ್ದದ್ದರಿಂದ ಊರವರು ಭಾನುವಾರಕ್ಕೆ ಇಟ್ಟುಕೊಂಡರು. ಹನ್ನೆರಡು ಮನೆಯವರು ಸೇರಿ ಒಂದು ಟಗರು ಕಡಿದು ಪಾಲು ಹಾಕಿಕೊಳ್ಳುವ ಗುಡ್ಡೆ ಬಾಡು. ಯಾರ ಟಗರು ಎಂದು ಮಾತು ಬಂದಾಗ ನಮ್ಮ ಬಿಳಿಕಿವಿಯದನ್ನು ನಾನೇ ಮುಂದೆ ಬಿದ್ದು ಕೊಟ್ಟೆ. ಕೆರೆಯಂಗಳದಲ್ಲಿ ಮೇದ ಟಗರಿನ ರುಚಿ ಹನ್ನೆರಡು ಮನೆಗೂ ಗೊತ್ತಾಗಲಿ, ನಿಮ್ಮ ಕಿವಿಗೂ ಬೀಳಲಿ ಎನ್ನುವ ಹಮ್ಮು.

ಗಂಗಣ್ಣ ಎಂದಿನಂತೆ ಮುತ್ತುಗದ ಎಲೆ ಹಾಸಿ ಹನ್ನೆರಡು ಗುಡ್ಡೆ ಹಾಕಿದರು. ಎಲ್ಲದರಲ್ಲೂ ಎಲ್ಲವೂ ಒಂದೊಂದು ಚೂರು ಇರಬೇಕಲ್ಲ, ಈಲಿಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಕತ್ತಿ ಹಾಕಿದರೆ ಸರಾಗ ಇಳಿಯಲಿಲ್ಲ. ಎರಡನೇ ಸಲ ಒತ್ತಿದಾಗ ದಪ್ಪಗಾದ ನಾಳದಿಂದ ಕಂದು ರಸದ ಜೊತೆ ಏನೋ ಜಾರಿತು. ಹಬ್ಬದ ಬೇವಿನ ಎಲೆ ಯಾರೋ ಬೀಳಿಸಿದ್ದಾರೆ ಅಂದುಕೊಂಡೆ. ಅದು ಸುರುಟಿಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

"ಎತ್ತಿ ಬಿಸಾಕಪ್ಪಾ ಅದ್ನ" ಅಂದರು ಯಾರೋ.

"ಈಲಿ ಇಲ್ದಿದ್ ಗುಡ್ಡೆ ಗುಡ್ಡೆನೇನಯ್ಯಾ? ನಮ್ಮ ಮನೇಲಿ ಮಕ್ಳು ಕೆಂಡದ್ಮೇಲೆ ಸುಡಕ್ಕೆ ಕಾಯ್ತಾ ಕೂತವೆ" ಅಂದ ಕೊಂಡಪ್ಪ.

"ಹುಳ ಸುಟ್ಕೊಂಡ್ ತಿನ್ನು ಹಂಗಾರೆ" ಅಂದರು ಗಂಗಣ್ಣ. ಕತ್ತಿ ಒರೆಸಿಕೊಂಡು ನನ್ನನ್ನು ನೋಡಿದರು. "ಲೇ ಮುನೀಂದ್ರ, ಇದು ನಿಮ್ಮತ್ತಿಗೆ ಔಷಧಿ ಹಾಕ್ದ ಟಗರೇ ತಾನೇ? ಮೂರ್ ತಿಂಗ್ಳಿಗೊಂದ್ ಸಲ ಕುಡ್ಸಿ ಕುಡ್ಸಿ ಈಲೀನೇ ಕೆಡ್ಸವ್ರೆ ನೋಡು. ನಮ್ಮ ಕಾಲ್ದಲ್ಲಿ ಇತ್ತಾ ಇದು?"

ಎಲ್ಲರೂ ಹೌದೆಂದರು. ತಮ್ಮ ತಮ್ಮ ಮನೆಯಲ್ಲಿ ಸತ್ತ ಕುರಿಗಳನ್ನೆಲ್ಲ ನೆನಪಿಸಿಕೊಂಡು ನಿಮ್ಮ ಲೆಕ್ಕಕ್ಕೆ ಹಾಕಿದರು. ನಾನು ಬಾಯಿ ತೆರೆಯಲಿಲ್ಲ. ಅಷ್ಟೇ ಆಗಿದ್ದರೆ ಹೆದರಿಕೆ ಎನ್ನಬಹುದಿತ್ತು. ಹೆದರಿಕೆಯಲ್ಲ. ನನ್ನ ಒಳಗೆ ತಣ್ಣಗಾಯಿತು. ಎರಡು ವರ್ಷದ ಉರಿಯ ಮೇಲೆ ಯಾರೋ ನೀರು ಹಾಕಿದ ಹಾಗೆ. ಇದನ್ನು ಬರೆಯದಿದ್ದರೆ ಈ ಕಾಗದವೂ ಸುಳ್ಳಾಗುತ್ತದೆ, ಅದಕ್ಕೇ ಬರೆದೆ.

ಸೋಮವಾರ ಒಂದು, ಮಂಗಳವಾರ ಎರಡು ಸತ್ತವು. ಡೈರಿಯ ಹತ್ತಿರ ಹಾಲು ಹಾಕಲು ಬಂದವರೆಲ್ಲ ನಿಮ್ಮ ಮಾತೇ ಆಡುತ್ತಿದ್ದರು. ಬುಧವಾರ ಸಂಘದ ಸಭೆ, ಬೇರೆಯವರನ್ನು ಪಶುಸಖಿ ಮಾಡುವ ವಿಷಯ ಎಂದು ಅಮ್ಮ ಹೇಳಿದಳು. ಅಪ್ಪ ಊಟದ ತಟ್ಟೆ ಮುಂದಿಟ್ಟುಕೊಂಡು, "ಅಕ್ಷತಮ್ಮಂಗೆ ಹೆಂಗ್ ಮುಖ ತೋರ್ಸದು? ನಾನೇ ಊರೆಲ್ಲ ಹೊಗಳ್ಕೊಂಡ್ ತಿರುಗ್ದೆ" ಅಂದರು. ನನ್ನನ್ನು ಯಾವತ್ತೂ ಅಪ್ಪ ಹಾಗೆ ಹೊಗಳಿಕೊಂಡು ತಿರುಗಿದವರಲ್ಲ. ಅಲ್ಲಿಯೂ ಉರಿಯಿತು. ಆದರೂ ಎದ್ದು ಕಪಾಟು ತೆಗೆದೆ. ನೀವಿಟ್ಟು ಹೋದ ಬಾಟಲಿ ಹಾಗೇ ಇತ್ತು.

ಸಭೆ ಅಂಗನವಾಡಿಯ ಜಗಲಿಯಲ್ಲಿ. ನನ್ನನ್ನು ಕಂಡು ಮುತ್ತಮ್ಮ, "ಇಲ್ಲಿ ಗಂಡಸ್ರಿಗೇನಪ್ಪಾ ಕೆಲ್ಸ? ಸಾಲ ಬೇಕಾ?" ಅಂದಳು. ಹೆಂಗಸರೆಲ್ಲ ನಕ್ಕರು. ನಾನು ಬಾಟಲಿಯನ್ನು ಅಧ್ಯಕ್ಷೆ ಮುನಿಲಕ್ಷ್ಮಮ್ಮನ ಮುಂದೆ ಇಟ್ಟೆ.

"ಇದ್ರ ಮುಚ್ಚಳ ನೋಡಿ."

"ಸೀಲ್ ಒಡ್ದೇ ಇಲ್ವಲ್ಲ."

"ಅತ್ತಿಗೆ ಇಟ್ಟೋದ ಔಷಧಿ ಇದು. ನಾನು ಕುಡಿಸ್ಲೇ ಇಲ್ಲ. ಕೆರೆ ದಂಡೆಗೆ ಬಿಡ್ಬೇಡ ಅಂದಿದ್ರು, ದಿನಾ ಅಲ್ಲೇ ಬಿಟ್ಟೆ. ಕುರಿ ಸತ್ತಿದ್ದು ಔಷಧಿ ಹಾಕಿದ್ದಕ್ಕಲ್ಲ, ಹಾಕ್ದೆ ಇದ್ದಿದ್ದಕ್ಕೆ."

"ಮತ್ಯಾಕೋ ಗುಡ್ಡೆ ಹತ್ರ ಸುಮ್ನಿದ್ದೆ?"

"ಖುಷಿಯಾಯ್ತು, ಅದಕ್ಕೆ."

ಮುನಿಲಕ್ಷ್ಮಮ್ಮ ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೇ ಕೊಟ್ಟು, "ಹೋಗು, ಡಾಕ್ಟ್ರನ್ನ ಕರ್ಕೊಂಬಾ" ಅಂದರು. ನಿಮ್ಮ ಕೆಲಸಕ್ಕೆ ತೊಂದರೆಯಿಲ್ಲ. ಸಂಘದ ಪುಸ್ತಕದಲ್ಲಿ ನಿಮ್ಮ ಹೆಸರೇ ಉಳಿಯಿತು.

ಪಶು ಆಸ್ಪತ್ರೆಯ ಡಾಕ್ಟರು ಅದೇ ದಿನ ಬಂದು ಹಿಕ್ಕೆ ಪರೀಕ್ಷೆಗೆ ತೆಗೆದುಕೊಂಡರು, ತೂಕ ನೋಡಿ ಎಲ್ಲಕ್ಕೂ ಔಷಧಿ ಕುಡಿಸಿದರು. ಗದ್ದ ಊದಿದ ಒಂಬತ್ತರಲ್ಲಿ ಎಷ್ಟು ಉಳಿಯುತ್ತವೋ ಹೇಳಲಾಗುವುದಿಲ್ಲ ಎಂದರು. ಕೆರೆ ಒಣಗದ ಊರಲ್ಲಿ ಇನ್ನು ತಿಥಿ ನೋಡಿ ಕುರಿ ಮೇಯಿಸಬಾರದು, ನೆಲ ನೋಡಿ ಮೇಯಿಸಬೇಕು ಎಂದರು. ಅಪ್ಪ ಪಕ್ಕದಲ್ಲೇ ಇದ್ದರು. "ನಮ್ಮ ಅಕ್ಷತಮ್ಮನೂ ಇದೇ ಹೇಳಿದ್ಲು ಸಾರ್" ಅಂದರು. ನಿಜ ಹೇಳಿಬಿಟ್ಟರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ನಾನು ತಿಳಿದಿದ್ದೆ. ಆ ಮಾತು ಕೇಳಿದಾಗ ಆರಿಲ್ಲವೆಂದು ಗೊತ್ತಾಯಿತು. ಇನ್ನೂ ಇದೆ. ಆದರೆ ಅದರ ಕೈಗೆ ಇನ್ನು ಕುರಿ ಕೊಡುವುದಿಲ್ಲ. ಅಷ್ಟು ಮಾತ್ರ ಮಾತು ಕೊಡಬಲ್ಲೆ.

ನೀವು ನನಗಿಂತ ದೊಡ್ಡವರು, ನಾನು ಹರಸುವ ಹಾಗಿಲ್ಲ. ಮಗುವಿಗೆ ಹರಕೆ ಹೇಳಬಹುದಲ್ಲ. ಅವಳಿಗೆ ನಿಮ್ಮ ಬುದ್ಧಿ, ಅಣ್ಣನ ತಾಳ್ಮೆ, ಅಪ್ಪನ ಹಲ್ಲು ಬರಲಿ. ನೂರು ಕಾಲ ಗಟ್ಟಿಯಾಗಿರಲಿ. ತಲೆಗೆ ಎಣ್ಣೆ ಹಾಕುವಾಗ ಚಿಕ್ಕಪ್ಪನ ಹೆಸರಲ್ಲಿ ಒಂದು ಹನಿ ಜಾಸ್ತಿ ಹಾಕಿ. ನಿಮ್ಮ ತಾಯಿಗೆ ನಮಸ್ಕಾರ ತಿಳಿಸಿ. ತಣ್ಣೀರು ಮುಟ್ಟಬೇಡಿ ಎಂದು ಅಮ್ಮ ಬರೆಯಲು ಹೇಳಿದಳು.

ಇಂತಿ ನಿಮ್ಮ ಮೈದುನ
ಮುನೀಂದ್ರ

ಮತ್ತೊಂದು ಮಾತು: ಇದನ್ನು ಬರೆಯಲೋ ಬೇಡವೋ ಎಂದು ಲಕೋಟೆಯನ್ನು ಇನ್ನೂ ಅಂಟಿಸಿಲ್ಲ. ನೀವು ಹೊರಡುವ ಹಿಂದಿನ ದಿನ ಅಣ್ಣ ಅಡುಗೆಮನೆಯಲ್ಲಿ, "ಮುನೀಂದ್ರಂಗೆ ಎಲ್ಲ ಹೇಳಿದ್ಯಾ?" ಎಂದು ಕೇಳಿದ. ನಾನು ಹಿತ್ತಲ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದೆ. "ಬಾಯಲ್ಲಿ ಹೇಳಿದ್ರೆ ಅವನ ತಲೇಲಿ ನಿಲ್ಲಲ್ಲ ಕಣ್ರೀ, ಪಾಪ. ಬರೆದು ಅಂಟಿಸ್ತೀನಿ" ಅಂದಿರಿ. ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ನನ್ನನ್ನು ಹಿಂದಿನ ಬೆಂಚಿಗೆ ಕಳಿಸುವಾಗ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು. ಅವರು ಹೊಡೆದ ದಿನಗಳಲ್ಲಿ ನಾನು ಶಾಲೆ ಬಿಡಲಿಲ್ಲ. ಪಾಪ ಅಂದ ದಿನ ಬಿಟ್ಟೆ. ನೀವು ಬಂದು ನನ್ನ ಹತ್ತಿರ ಒಂದೊಂದನ್ನೂ ಎರಡೆರಡು ಸಲ ಕೇಳಿ ಕಲಿತಾಗ, ನನಗೂ ತಲೆಯಿದೆ ಎಂದು ಒಬ್ಬರಿಗಾದರೂ ಗೊತ್ತಾಯಿತು ಅಂದುಕೊಂಡಿದ್ದೆ. ಕಾಗದ ಓದಿದ ಮೇಲೆ ನಿಮಗೆ ಏನನ್ನಿಸುತ್ತದೋ ಅನ್ನಿ. ಕಳ್ಳ ಅನ್ನಿ, ಕೊಲೆಗಾರ ಅನ್ನಿ, ಅಪ್ಪನ ಮುಂದೆ ನಿಲ್ಲಿಸಿಕೊಂಡು ಬೈಯಿರಿ. ಆ ಒಂದು ಮಾತು ಮಾತ್ರ ಬೇಡ.